ದಾರಿ ತಪ್ಪಿದ ಮೇಲೆ ನಗುವುದಕ್ಕೂ ಬರಬೇಕು

ಎಂಟೆಕ್‌ನಲ್ಲಿ ನಾನು ಓದಿದ್ದು ಜಲಸಂಪನ್ಮೂಲ. ಕಾಲುವೆ, ತೂಬು, ಹರಿವಿನ ಲೆಕ್ಕ. ನಮ್ಮೂರು ಭದ್ರಾ ಕಾಲುವೆಯ ಕೊನೆಯಂಚಿನಲ್ಲಿದೆ. ಮೇಲಿನವರ ಗದ್ದೆಗಳನ್ನೆಲ್ಲ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ನೀರಿಗೇ ಸುಸ್ತಾಗಿರುತ್ತಿತ್ತು. ಹಾಗಾಗಿ ಮಗ ನೀರಿನದೇ ಓದು ಓದಬೇಕೆಂಬುದು ಮನೆಯಲ್ಲಿ ಯಾರೂ ಚರ್ಚಿಸದೆ ಆಗಿಹೋದ ತೀರ್ಮಾನ. ಕ್ಯಾಂಪಸ್ಸಿಗೆ ಬಂದ ಮೊದಲ ಕಂಪನಿ ಸಾಫ್ಟ್‌ವೇರಿನದು. ಎರಡು ವರ್ಷ ದುಡಿದು, ಓದಿನ ಸಾಲ ತೀರಿಸಿ ಬಿಟ್ಟುಬಿಡುತ್ತೇನೆ ಎಂದು ಪುಣೆಗೆ ಬಂದೆ. 11 ವರ್ಷವಾಯಿತು. ಈಗ ನಾನು ಕಟ್ಟುವುದು ಡೇಟಾ ಪೈಪ್‌ಲೈನ್.

ಈ ಪದವೊಂದು ಊರಿಗೆ ತಲುಪಿಬಿಟ್ಟಿತು. 'ನಮ್ಮ ಹುಡುಗ ಪುಣೆಯಲ್ಲಿ ಪೈಪ್‌ಲೈನ್ ಕೆಲಸದಲ್ಲಿದ್ದಾನೆ' ಎಂದು ಅಪ್ಪಾಜಿ ಯಾರಿಗೋ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ದೀಪಾವಳಿಗೆ ಹೋದಾಗ ದೊಡ್ಡಪ್ಪ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಬೋರ್‌ವೆಲ್ ಮುಂದೆ ನಿಲ್ಲಿಸಿದರು. 'ನೋಡಪ್ಪಾ, ಎರಡಿಂಚು ಹಾಕ್ಸನೋ, ಎರಡೂವರೆ ಹಾಕ್ಸನೋ?' ನಾನು ಓದಿದ ವಿದ್ಯೆ ನನಗೆ ನಿಜವಾಗಿ ಬೇಕಾಗಿದ್ದು ಆ ಒಂದು ಸಲ. ಉತ್ತರ ಮರೆತುಹೋಗಿತ್ತು. ಫೋನಿನಲ್ಲಿ ಹುಡುಕಿ ಹೇಳಿದೆ.

ಇದನ್ನು ನಾನು ಪುಣೆಯ ಗೆಳೆಯರ ನಡುವೆ ಹೇಳಿದಾಗಲೆಲ್ಲ ಎಲ್ಲರೂ ನಗುತ್ತಾರೆ, ನಕ್ಕ ಮೇಲೆ ತಮ್ಮದೊಂದನ್ನು ಹೇಳುತ್ತಾರೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಯಾರಿಗೆ ಇಂಥದ್ದೊಂದು ಕಥೆಯಿಲ್ಲ? ಅಧ್ಯಾಪಕನಾಗಬೇಕೆಂದು ಹೊರಟು ಹೈದರಾಬಾದಿನಲ್ಲಿ ಔಷಧ ಮಾರುತ್ತಿರುವವರು, ಆರು ತಿಂಗಳ ಪ್ರಾಜೆಕ್ಟಿಗೆಂದು ಚೆನ್ನೈಗೆ ಹೋಗಿ ಅಲ್ಲೇ ಮಕ್ಕಳನ್ನು ಶಾಲೆಗೆ ಸೇರಿಸಿದವರು. ಮಾತಿಗೆ ಕೂತರೆ ನಾವು ಎಲ್ಲವನ್ನೂ ತಮಾಷೆಯಾಗಿಯೇ ಹೇಳುತ್ತೇವೆ. ಆದರೆ ಅದೇ ಬದುಕು ವೇದಿಕೆ ಹತ್ತಿದೊಡನೆ ಏನಾಗುತ್ತದೋ ಏನೋ, ಗಂಟಲು ಕಟ್ಟಿಕೊಳ್ಳುತ್ತದೆ. ರಾಜ್ಯೋತ್ಸವದ ಕವಿಗೋಷ್ಠಿಗಳಲ್ಲಿ ಅಮ್ಮನ ರೊಟ್ಟಿ, ಊರ ಮಳೆ, ಬಾಗಿಲಲ್ಲಿ ಕಾಯುವ ಅಜ್ಜಿ. ಹತ್ತು ಕವಿತೆಗಳಲ್ಲಿ ಎಂಟು ಅಳಿಸುತ್ತವೆ. ನಾನೂ ಒಂದು ಬರೆದು ಓದಿದ್ದೇನೆ, ಆದ್ದರಿಂದ ಬೇರೆಯವರನ್ನು ಆಡಿಕೊಳ್ಳುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲ.

ಕಣ್ಣೀರನ್ನಾದರೂ ಸಹಿಸಬಹುದು. ನನಗೆ ಸಹಿಸಲಾಗದ್ದು ಇನ್ನೊಂದು ಧಾಟಿ. ಲಿಂಕ್ಡ್‌ಇನ್ ತೆರೆದರೆ ಸಾಕು: ಕೆಲಸ ಹೋಯಿತು, ಆದರೆ ಅದರಿಂದ ನಾನು ಐದು ಪಾಠ ಕಲಿತೆ. ಪರೀಕ್ಷೆಯಲ್ಲಿ ಸೋತೆ, ಆದ್ದರಿಂದಲೇ ಇಂದು ಗೆದ್ದೆ. ಯಾವ ತಿರುವೂ ಕೇವಲ ತಿರುವಾಗಿ ಉಳಿಯುವಂತಿಲ್ಲ, ಅದು ಮೆಟ್ಟಿಲಾಗಲೇಬೇಕು. ಬದುಕು ದಾರಿ ಬದಲಿಸಿದ್ದರ ಬಗ್ಗೆ ಮಾತಾಡಲು ನಮಗೀಗ ಈ ಎರಡೇ ಭಾಷೆ ಉಳಿದಿವೆಯೇನೋ ಅನ್ನಿಸುತ್ತದೆ, ಅಳು ಇಲ್ಲವೇ ಉಪದೇಶ. ಕನ್ನಡದಲ್ಲಿ, ಕನ್ನಡನಾಡಿನಲ್ಲಿ ಹುಟ್ಟಿದ ಕಲೆಯಲ್ಲಿ, ಮೂರನೆಯದೊಂದು ಇತ್ತು. ಅದನ್ನು ನಾವು ಸುಮ್ಮನೆ ಬಿಟ್ಟುಕೊಡುತ್ತಿದ್ದೇವೆ ಎಂಬುದು ನನ್ನ ತಕರಾರು.

ನಾನು ಕಚೇರಿಗೆ ಹೋಗುವ ದಾರಿ ಸೇನಾಪತಿ ಬಾಪಟ್ ರಸ್ತೆ. ಅಲ್ಲಿ ಸಿಂಬಯೋಸಿಸ್ ಸಂಸ್ಥೆಯ ಆವರಣದಲ್ಲಿ ಆರ್.ಕೆ. ಲಕ್ಷ್ಮಣರ 'ಕಾಮನ್ ಮ್ಯಾನ್' ಪ್ರತಿಮೆಯಾಗಿ ನಿಂತಿದ್ದಾನೆ. ಚೌಕಳಿ ಕೋಟು, ಪಂಚೆ, ಕನ್ನಡಕ, ಪೊದೆ ಮೀಸೆ. ಮೈಸೂರಿನ ಲಕ್ಷ್ಮಣರ ಕಥೆ ನಿಮಗೆಲ್ಲ ಗೊತ್ತಿರುವುದೇ. ಹುಡುಗನಾಗಿದ್ದಾಗ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಚಿತ್ರ ಬರೆದವರು. ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ನಿಮ್ಮ ಚಿತ್ರಗಳಲ್ಲಿ ನಮ್ಮಲ್ಲಿ ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣುವುದಿಲ್ಲ ಎಂಬರ್ಥದ ಉತ್ತರ ಬಂತು. ಮೈಸೂರಿನಲ್ಲೇ ಬಿ.ಎ. ಮುಗಿಸಿದರು, ಅಣ್ಣ ನಾರಾಯಣರ ಕಥೆಗಳಿಗೆ ಚಿತ್ರ ಬರೆದರು, ಡಾ. ಎಂ. ಶಿವರಾಂ ನಡೆಸುತ್ತಿದ್ದ ನಮ್ಮ 'ಕೊರವಂಜಿ' ಹಾಸ್ಯಪತ್ರಿಕೆಗೂ ಬರೆದರು. ಕೊನೆಗೆ ಮುಂಬೈ ಸೇರಿ, ಟೈಮ್ಸ್ ಆಫ್ ಇಂಡಿಯಾದಲ್ಲಿ ಅರ್ಧ ಶತಮಾನ ಕೂತರು. ಮುಂಬೈಯಲ್ಲಿರುವವರಿಗೆ ಗೊತ್ತು, ಆ ಪತ್ರಿಕೆಯ ಹಳೆಯ ಕಟ್ಟಡ ಸಿಎಸ್‌ಎಂಟಿ ಎದುರಿಗಿದೆ, ಅಲ್ಲಿಂದ ಜೆ.ಜೆ. ಕಲಾಶಾಲೆಗೆ ನಡೆದೇ ಹೋಗಬಹುದು. ಬೇಡ ಅಂದವರ ಪಕ್ಕದ ಓಣಿಯಲ್ಲಿ ಮನೆ ಮಾಡಿದ ಹಾಗೆ.

ಈ ಕಥೆಯನ್ನು ಇವತ್ತು ಪ್ರೇರಣಾ ಭಾಷಣಕಾರರು ಹೇಗೆ ಹೇಳುತ್ತಾರೆ ನೋಡಿ: ಅಂದು ತಿರಸ್ಕರಿಸಲ್ಪಟ್ಟ ಹುಡುಗ ಇಂದು ಜಗದ್ವಿಖ್ಯಾತ, ನೀವೂ ಛಲ ಬಿಡಬೇಡಿ. ಕೇಳಿದಾಗಲೆಲ್ಲ ನನಗೆ ಕಸಿವಿಸಿ. ಏಕೆಂದರೆ ಇದೇ ಮನುಷ್ಯ ತನ್ನ ಕೈಯಾರೆ ಸೃಷ್ಟಿಸಿದ ಪಾತ್ರ ಐವತ್ತು ವರ್ಷಗಳಲ್ಲಿ ಒಂದು ಸಲವೂ ಗೆಲ್ಲಲಿಲ್ಲ. ಕಾಮನ್ ಮ್ಯಾನ್‌ಗೆ ಬಡ್ತಿ ಸಿಗಲಿಲ್ಲ, ಮನೆ ಸಿಗಲಿಲ್ಲ, ಮಾತಾಡುವ ಅವಕಾಶವೂ ಸಿಗಲಿಲ್ಲ. ಮಾತೆಲ್ಲ ಮಂತ್ರಿಗಳದು, ಅಧಿಕಾರಿಗಳದು, ಹೆಚ್ಚೆಂದರೆ ಹೆಂಡತಿಯದು. ಯೋಜನೆಗಳು ಬರುತ್ತವೆ, ಸರಕಾರಗಳು ಬೀಳುತ್ತವೆ, ಬೆಲೆ ಏರುತ್ತದೆ, ಇವನು ಕಣ್ಣರಳಿಸಿ ನೋಡುತ್ತಾ ನಿಂತಿರುತ್ತಾನೆ. ದೇಶ ಎತ್ತ ತಿರುಗಿದರೂ ಅವನ ಚಿತ್ರದೊಳಗಿನ ಜಾಗ ಮಾತ್ರ ಒಂದು ಮೂಲೆ. ಸ್ವತಃ ಗೆದ್ದ ಕಲಾವಿದ ಗೆಲುವಿನ ಬಗ್ಗೆ ಬರೆಯಲಿಲ್ಲ ಅನ್ನುವುದನ್ನು ನಾವು ಗಮನಿಸಬೇಕು. ಅವರಿಗೆ ತಮಾಷೆಯಾಗಿ ಕಂಡದ್ದು ಸೋತವನಲ್ಲ. ಎಲ್ಲವನ್ನೂ ತಾನು ಯೋಜಿಸಿದ್ದೇನೆ ಎಂದು ನಂಬಿರುವವನು.

ಇನ್ನೊಂದು ವಿಚಿತ್ರ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿದಾಗ ಆ ಕಂಪನಿಯ ಗುರುತಾಗಿ ಬಂದವನು ಇದೇ ಕಾಮನ್ ಮ್ಯಾನ್. ಗೋಪಿನಾಥರಾದರೂ ಸೈನ್ಯ ಬಿಟ್ಟು ರೇಷ್ಮೆ ಕೃಷಿಗಿಳಿದು, ಅಲ್ಲಿಂದ ವಿಮಾನಕ್ಕೆ ಹತ್ತಿದವರು. ಐವತ್ತು ವರ್ಷ ನಿಂತಲ್ಲೇ ನಿಂತಿದ್ದವನು ಅವರ ದೆಸೆಯಿಂದ ಏಕಾಏಕಿ ಹಾರತೊಡಗಿದ. ಕೆಲವೇ ವರ್ಷಗಳಲ್ಲಿ ಕಂಪನಿ ಬೇರೆಯವರ ಕೈಗೆ ಹೋಗಿ, ಅವನು ಮತ್ತೆ ನೆಲಕ್ಕಿಳಿದ. ಲಕ್ಷ್ಮಣರೇ ಬರೆದಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಅವರ ಅಣ್ಣನ ಕಡೆಗೆ ಬರೋಣ. ಆರ್.ಕೆ. ನಾರಾಯಣರ 'ದಿ ಗೈಡ್' ಬಂದದ್ದು 1958ರಲ್ಲಿ. ಜೈಲಿನಿಂದ ಬಿಡುಗಡೆಯಾದ ರಾಜು ಹೋಗಲು ಜಾಗವಿಲ್ಲದೆ ಹೊಳೆದಂಡೆಯ ಪಾಳು ಗುಡಿಯ ಮೆಟ್ಟಿಲ ಮೇಲೆ ಕೂತಿರುತ್ತಾನೆ. ವೇಲನ್ ಎಂಬ ಹಳ್ಳಿಗ ಅವನನ್ನು ಸಾಧು ಎಂದುಕೊಳ್ಳುತ್ತಾನೆ. ತಿದ್ದಬೇಕು ಅಂದುಕೊಂಡರೂ ರಾಜುವಿಗೆ ಆಗುವುದಿಲ್ಲ, ಊಟ ಬರುತ್ತಿದೆಯಲ್ಲ! ಬರಗಾಲ ಬಂದಾಗ ಊರಲ್ಲಿ ಹೊಡೆದಾಟವಾಗುತ್ತದೆ. ಜಗಳ ನಿಲ್ಲಿಸುವ ತನಕ ನಾನು ಊಟ ಮಾಡುವುದಿಲ್ಲ ಎಂದು ಹೇಳಿ ಕಳಿಸುತ್ತಾನೆ. ಸುದ್ದಿ ಒಯ್ದವನು ವೇಲನ್‌ನ ದಡ್ಡ ತಮ್ಮ. ಊರಿಗೆ ತಲುಪುವಷ್ಟರಲ್ಲಿ ಅದು 'ಮಳೆ ಬರುವ ತನಕ ಸ್ವಾಮಿಗಳು ಊಟ ಮಾಡುವುದಿಲ್ಲ' ಎಂದಾಗಿರುತ್ತದೆ. ಒಂದು ವಾಕ್ಯ ಹಾದಿಯಲ್ಲಿ ಜಾರಿದ್ದಕ್ಕೆ ಒಬ್ಬ ಮನುಷ್ಯನ ಹಣೆಬರಹ ಬದಲಾಯಿತು. ನನ್ನ ವೃತ್ತಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗ್ರಾಹಕ ಹೇಳಿದ್ದು ಒಂದು, ನಮ್ಮ ಟೀಮಿಗೆ ತಲುಪಿದ್ದು ಇನ್ನೊಂದು, ಆಮೇಲೆ ಉಪವಾಸ ಮಾತ್ರ ನಮ್ಮದು.

ಕಾದಂಬರಿಯ ಕೊನೆಯಲ್ಲಿ ಮಳೆ ಬಂತೋ ಇಲ್ಲವೋ ನಾರಾಯಣ್ ಖಚಿತವಾಗಿ ಹೇಳುವುದಿಲ್ಲ. ದೂರದ ಬೆಟ್ಟದಲ್ಲಿ ಮಳೆ ಬರುತ್ತಿದೆ ಎಂದು ರಾಜುವಿಗೆ ಅನ್ನಿಸುತ್ತದೆ, ಅವನು ಕುಸಿಯುತ್ತಾನೆ, ಅಷ್ಟೇ. 1965ರ ಹಿಂದಿ ಸಿನಿಮಾದಲ್ಲಿ ಮಳೆ ಧೋ ಎಂದು ಸುರಿಯುತ್ತದೆ, ರಾಜು ಸಂತನಾಗಿ ಸಾಯುತ್ತಾನೆ. ನಾರಾಯಣರಿಗೆ ಆ ಸಿನಿಮಾ ಹಿಡಿಸಲಿಲ್ಲ. ತನ್ನ ಗೈಡ್ ಹೇಗೆ ದಾರಿ ತಪ್ಪಿದ ಎಂದು ಒಂದು ಲೇಖನವನ್ನೇ ಬರೆದರು. ನಾನು ಹೇಳುತ್ತಿರುವ ವ್ಯತ್ಯಾಸ ಇಲ್ಲೇ ಇದೆ. ಮಳೆ ಸುರಿದರೆ ರಾಜುವಿನ ಮೋಸ, ಜೈಲು, ಸುಳ್ಳು ಎಲ್ಲವೂ ಒಂದು ಮಹತ್ಕಾರ್ಯದ ಸಿದ್ಧತೆ ಎಂದಾಗುತ್ತದೆ. ಮಳೆಯ ಅನುಮಾನವಷ್ಟೇ ಉಳಿದರೆ ಅವನು ನಮ್ಮ ಹಾಗೆ ಸಿಕ್ಕಿಹಾಕಿಕೊಂಡ ಮನುಷ್ಯ.

ಆದರೆ ಈ ವಿಷಯದಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಈ ಪುಸ್ತಕವನ್ನು ಪುಣೆಗೆ ಬಂದ ಮೊದಲ ವರ್ಷ ಊರಿಂದ ತಂದಿದ್ದೆ, ಈಗ ಮೂರನೇ ಪ್ರತಿ ನಡೆಯುತ್ತಿದೆ (ಹಿಂದಿನೆರಡನ್ನು ಒಯ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ). ಕೃಷಿಯಲ್ಲಿ ಸೋತು ಸುಣ್ಣವಾದ ನಿರೂಪಕ ಜಮೀನು ಮಾರಿ ಹೊರಟುಬಿಡಬೇಕೆಂದಿರುತ್ತಾನೆ. ಮಂದಣ್ಣ ಎಂಬ, ಊರವರೆಲ್ಲ ಅಬ್ಬೇಪಾರಿ ಎಂದುಕೊಂಡ ಹುಡುಗ; ಅವನಿಗೊಂದು ಕೆಲಸ ಬೇಕು, ಮದುವೆಯಾಗಬೇಕು. ಅದೇ ಮಂದಣ್ಣನಲ್ಲಿ ಹುಟ್ಟು ಜೀವವಿಜ್ಞಾನಿಯನ್ನು ಕಾಣುವ ಕರ್ವಾಲೊ. ಜೊತೆಗೆ ಬಿರಿಯಾನಿ ಕರಿಯಪ್ಪ, ಎಂಗ್ಟ, ಫೋಟೊ ತೆಗೆಯುವ ಪ್ರಭಾಕರ, ಕಿವಿ ಎಂಬ ನಾಯಿ. ಯಾರ ಯೋಜನೆಯಲ್ಲೂ ಇಲ್ಲದ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಇಷ್ಟೂ ಮಂದಿ ಕಾಡಿಗೆ ಹೊರಡುತ್ತಾರೆ.

ಪುಟ ಪುಟಕ್ಕೂ ನಗು. ಒಬ್ಬೊಬ್ಬರೂ ಒಂದೊಂದು ಕಾರಣಕ್ಕೆ ಬಂದವರು, ಒಬ್ಬರ ಕಾರಣ ಇನ್ನೊಬ್ಬರಿಗೆ ಅರ್ಥವಾಗದು. ಕೋಟ್ಯಂತರ ವರ್ಷಗಳ ವಿಕಾಸದ ಬಗ್ಗೆ ಒಬ್ಬ ಯೋಚಿಸುತ್ತಿದ್ದರೆ ಪಕ್ಕದಲ್ಲಿ ಅಡುಗೆಯ ತಕರಾರು ನಡೆಯುತ್ತಿರುತ್ತದೆ. ಕೊನೆಗೆ ಓತಿ ಸಿಗುತ್ತದೆ, ಕೈಗೆಟಕುವಷ್ಟು ಹತ್ತಿರ. ಅಷ್ಟರಲ್ಲಿ ಅದು ಕಣಿವೆಗೆ ಹಾರಿ ತೇಲಿಕೊಂಡು ಹೊರಟುಹೋಗುತ್ತದೆ. ಮುಗಿಯಿತು. ಬಹುಮಾನವಿಲ್ಲ, ಪತ್ರಿಕೆಯಲ್ಲಿ ಫೋಟೊ ಇಲ್ಲ. ಇದನ್ನು ಸೋಲೆಂದು ಕರೆಯಲು ನನಗೆ ಯಾವತ್ತೂ ಆಗಿಲ್ಲ, ಗೆಲುವೆನ್ನಲೂ ಆಗದು. ಮೈಸೂರಿನಲ್ಲಿ ಎಂ.ಎ. ಮಾಡಿ, ಕುವೆಂಪು ಅವರ ಮಗನಾಗಿ ತಾನಾಗಿ ತೆರೆದಿದ್ದ ದಾರಿಗಳನ್ನೆಲ್ಲ ಬಿಟ್ಟು ಮೂಡಿಗೆರೆಯಲ್ಲಿ ತೋಟ ಮಾಡಿದ ತೇಜಸ್ವಿಯವರಿಗೆ, ದಾರಿ ಬಿಟ್ಟವರ ಕಥೆಯನ್ನು ದುಃಖವಾಗಿಯೂ ದೊಡ್ಡಸ್ತಿಕೆಯಾಗಿಯೂ ಹೇಳಬೇಕಾಗಿರಲಿಲ್ಲ.

ಕೈಲಾಸಂ ಅವರನ್ನು ಬಿಟ್ಟು ಈ ಮಾತು ಮುಂದುವರಿಸಿದರೆ ಹಿರಿಯ ಓದುಗರು ಬೈಯುತ್ತಾರೆ. ಮನೆಮಾತು ತಮಿಳು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಲಂಡನ್ನಿನಲ್ಲಿ ಭೂವಿಜ್ಞಾನ. ನೆಲದೊಳಗಿನ ಕಲ್ಲು ನೋಡಬೇಕಾದವರು ಬೆಂಗಳೂರಿನ ಮಧ್ಯಮವರ್ಗದ ಮನೆಯೊಳಗಿನ ಮಾತು ಕೇಳಿಸಿಕೊಂಡು ನಾಟಕ ಮಾಡಿದರು. ಪರೀಕ್ಷೆ ಗೆದ್ದವನು ಟೊಳ್ಳು, ಸೋತವನು ಗಟ್ಟಿ ಎಂದು 'ಟೊಳ್ಳುಗಟ್ಟಿ'ಯಲ್ಲಿ ತೋರಿಸಿದವರು ಸ್ವತಃ ಪರೀಕ್ಷೆಗಳನ್ನೆಲ್ಲ ಗೆದ್ದಿದ್ದವರು ಎಂಬುದೇ ದೊಡ್ಡ ಹಾಸ್ಯ. 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದೂ ಅದೇ ಮದ್ರಾಸಿನಲ್ಲಿ. ಇನ್ನು ಬೀಚಿ: ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟ ಮೇಲೆ ಅವರ ಬಗ್ಗೆ ನಾನು ವಿವರಿಸುವುದೇನಿದೆ?

ಪುಣೆಯ ಮರಾಠಿಗರಿಂದಲೂ ನಾನೊಂದು ವಿಷಯ ಕಲಿತಿದ್ದೇನೆ. ಯಾರ ಬದುಕಿನಲ್ಲಿ ಏನೇ ಏರುಪೇರಾದರೂ ಅವರು ಪು.ಲ. ದೇಶಪಾಂಡೆಯವರ ಯಾವುದೋ ಒಂದು ಪಾತ್ರವನ್ನು ಎಳೆದು ತರುತ್ತಾರೆ. ಮೂವತ್ತು ವರ್ಷದ ಹುಡುಗರೂ ತರುತ್ತಾರೆ. ನಮ್ಮ ವಯಸ್ಸಿನ ಕನ್ನಡಿಗರು ಹಾಗೆ ಮಂದಣ್ಣನನ್ನೋ ಬೀಚಿಯವರ ತಿಂಮನನ್ನೋ ಕಚೇರಿಯ ಕ್ಯಾಂಟೀನಿಗೆ ಕರೆತರುವುದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ನಮ್ಮ ಬಳಿ ಇರುವುದು ಮೀಮುಗಳು. ಮೀಮು ತಪ್ಪೆಂದಲ್ಲ, ಆದರೆ ಅದರ ಆಯುಸ್ಸು ಎರಡು ದಿನ. ಬದುಕು ತಿರುಗಿದ ಮೇಲೆ ಹೊಂದಿಕೊಳ್ಳಲು ಎರಡು ವರ್ಷ ಬೇಕು.

ಇದಕ್ಕೊಂದು ಆಕ್ಷೇಪವಿದೆ, ಅದು ಸಣ್ಣದಲ್ಲ. ಬೇರೆಯವರ ಸಂಕಟವನ್ನು ನಗೆಯಾಗಿಸುವುದು ಸರಿಯೇ? ಇದು ನನಗೆ ಪುಸ್ತಕದಿಂದ ಎದುರಾದ ಪ್ರಶ್ನೆಯಲ್ಲ. ಹಿಂದಿನ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಬಳಗದವರು ಒಂದು ಕಿರುನಾಟಕ ಸಿದ್ಧಪಡಿಸಿದ್ದೆವು. ಐಟಿ ಕೆಲಸದವನೊಬ್ಬನ ದಿನಚರಿ. ಅದರಲ್ಲೊಂದು ದೃಶ್ಯ: 15 ನಿಮಿಷದ ವಿಡಿಯೊ ಕರೆಯಲ್ಲಿ ಎಚ್‌ಆರ್ ಅವನನ್ನು ಕೆಲಸದಿಂದ ತೆಗೆಯುವುದು. ಬರೆದವನು ನಾನು. ಕಾರ್ಯಕ್ರಮಕ್ಕೆ ಮೂರು ವಾರ ಇರುವಾಗ, ನಮ್ಮ ನಾಟಕದಲ್ಲೇ ಪಾತ್ರ ಮಾಡುತ್ತಿದ್ದ ಧಾರವಾಡ ಕಡೆಯ ಗೆಳೆಯನಿಗೆ ನಿಜವಾಗಿ ಅಂಥ ಕರೆ ಬಂತು. ಒಂಬತ್ತು ವರ್ಷದ ಕೆಲಸ, ಮನೆ ಸಾಲ, ಎರಡನೇ ತರಗತಿಯ ಮಗಳು.

ದೃಶ್ಯ ತೆಗೆದುಬಿಡಿ ಎಂದು ಸಮಿತಿಯ ಹಿರಿಯರೊಬ್ಬರು ಹೇಳಿದರು. 'ಅವರ ಮನೆಯವರು ಮುಂದಿನ ಸಾಲಿನಲ್ಲೇ ಕೂತಿರ್ತಾರಪ್ಪಾ. ಚೆನ್ನಾಗಿರಲ್ಲ. ಅದರ ಬದಲು ಒಂದು ಭಾವಗೀತೆ ಹಾಕೋಣ.' ಅವರ ಮಾತಿನಲ್ಲಿ ಮರುಕವಿತ್ತು, ನಾನೂ ಒಪ್ಪಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಬರೆಯುವಾಗ ನನಗೆ ನಗು ತಂದಿದ್ದ ಮಾತುಗಳನ್ನು ಮತ್ತೊಮ್ಮೆ ಓದಿದರೆ, ಅವೆಲ್ಲ ಪೆಟ್ಟು ತಿನ್ನದವನು ಬರೆದ ಮಾತು ಎಂಬುದು ಎದ್ದು ಕಾಣುತ್ತಿತ್ತು. ಕೆಲಸ ಹೋದವನ ಪೆಚ್ಚುಮೋರೆಯನ್ನು ತೋರಿಸಿ ನಗಿಸಲು ಹೊರಟಿದ್ದೆ. ಕಂಪನಿಗಳು ಕೆಲಸ ತೆಗೆಯುವ ಇಮೇಲಿನ ಕೊನೆಗೆ ನಗುಮುಖದ ಚಿಹ್ನೆ ಹಾಕುವುದಕ್ಕೂ ನನ್ನ ದೃಶ್ಯಕ್ಕೂ ಬಹಳ ದೂರವಿರಲಿಲ್ಲ.

ವಿಷಯ ತಿಳಿದು ಗೆಳೆಯ ರಿಹರ್ಸಲ್‌ಗೆ ಬಂದ. 'ಯಾಕ ತಗೀತೀರಿ ಅದನ್ನ? ತಗೀಬ್ಯಾಡ್ರಿ. ಬರದದ್ದು ಸರಿ ಇಲ್ಲ, ಅಷ್ಟs.' ಎಂದು ನನ್ನ ಕಡೆ ನೋಡಿದ. 'ನಿಮ್ಮ ನಾಟಕದಾಗ ಅಂವ ಸುಮ್ಮನ ಕೂತಾನ. ನಾ ಸುಮ್ಮನ ಕೂತಿರಲಿಲ್ರಿ. ನಾಕು ಮಿನಿಟ್ ಬಾಯಿಗೆ ಬಂದಂಗ ಮಾತಾಡಿದೆ. ಒಂಬತ್ತು ವರ್ಷದ್ದೆಲ್ಲಾ ಹೇಳಿದೆ. ಸಾಲದ್ದು ಹೇಳಿದೆ, ಮಗಳದ್ದು ಹೇಳಿದೆ. ಎಲ್ಲಾ ಮುಗಿದ ಮ್ಯಾಲೆ ಆ ಹುಡುಗಿ ಅಂತಾಳ: ಸರ್, ನೀವು ಮ್ಯೂಟ್‌ನಾಗದೀರಿ.'

ಕೋಣೆಯಲ್ಲಿ ಒಂದು ಕ್ಷಣ ಯಾರೂ ಉಸಿರಾಡಲಿಲ್ಲ. ಮೊದಲು ನಕ್ಕವನು ಅವನೇ. ಆಮೇಲೆ ನಾವೆಲ್ಲ ನಕ್ಕೆವು, ಭಾವಗೀತೆಯ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ದೃಶ್ಯವನ್ನು ಅವನೇ ಹೊಸದಾಗಿ ಹೇಳಿ ಬರೆಸಿದ. ಕೆಲಸ ಹೋಗುವವನ ಪಾತ್ರ ನನಗೆ ಕೊಟ್ಟು, ಎಚ್‌ಆರ್ ಪಾತ್ರ ತಾನು ಮಾಡಿದ.

ಕಾರ್ಯಕ್ರಮದ ದಿನ ನಾನು ವೇದಿಕೆಯ ಮೇಲೆ ನಾಲ್ಕು ನಿಮಿಷ ದನಿಯಿಲ್ಲದೆ ಬಾಯಾಡಿಸಿದೆ. ಅವನು ಎದುರಿಗೆ ಕೂತು ಉಗುರು ನೋಡಿಕೊಳ್ಳುತ್ತಿದ್ದ. ಅವನ ಪತ್ನಿ ಮೊದಲ ಸಾಲಿನಲ್ಲೇ ಇದ್ದರು. ಮ್ಯೂಟ್ ಮಾತು ಬಂದಾಗ ಸಭಾಂಗಣವೆಲ್ಲ ನಕ್ಕಿತು; ಅವರೂ ನಕ್ಕರು, ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತರು. ಮಗಳಿಗೆ ಮಾತ್ರ ಇದು ಯಾಕೆ ತಮಾಷೆ ಎಂದು ತಿಳಿಯದೆ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ನಾಟಕ ಮುಗಿದ ಮೇಲೆ ಮೂರು ಜನ, ಒಬ್ಬೊಬ್ಬರಾಗಿ, ಹಿಂದೆ ಬಂದು ಗೆಳೆಯನ ಕೈ ಹಿಡಿದುಕೊಂಡರು. ಅವರಲ್ಲಿ ಇಬ್ಬರಿಗೂ ಅಂಥದೇ ಕರೆ ಬಂದಿತ್ತೆಂದು ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರಂತೂ ಐದು ತಿಂಗಳಿಂದ ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದರಂತೆ, ಗ್ರಂಥಾಲಯಕ್ಕೆ.

ನಮ್ಮ ಭಾವಗೀತೆಗಳಿಂದ ಆ ಮಾತು ಹೊರಬರುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಐದು ಪಾಠಗಳ ಭಾಷಣದಿಂದಲಂತೂ ಖಂಡಿತ ಇಲ್ಲ. ಗೆದ್ದ ಮೇಲಷ್ಟೇ ಮಾತಾಡಬಹುದು ಎನ್ನುವ ಸಭೆಯಲ್ಲಿ ಗ್ರಂಥಾಲಯಕ್ಕೆ ಹೋಗುವವನು ಬಾಯಿ ಬಿಡುವುದೆಲ್ಲಿ?

ಗೆಳೆಯನಿಗೆ ಫೆಬ್ರವರಿಯಲ್ಲಿ ಕೆಲಸ ಸಿಕ್ಕಿತು. ಚಾಕಣದ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು. ಸಂಬಳ ಮೊದಲಿಗಿಂತ ಕಡಿಮೆ, ಓಡಾಟ ಹೆಚ್ಚು. ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಭಿನಂದನೆಗಳ ನಡುವೆ ಯಾರೋ 'ಆಗುವುದೆಲ್ಲ ಒಳ್ಳೆಯದಕ್ಕೇ' ಎಂದು ಹಾಕಿ ಕೈಮುಗಿದಿದ್ದರು. ಹತ್ತು ನಿಮಿಷ ಬಿಟ್ಟು ಅವನ ಉತ್ತರ ಬಂತು: 'ಒಳ್ಳೇದಕ್ಕಲ್ರೀ, ಇಎಂಐಗೆ.'